ಎಂ720ಕ್ಯೂ ಟೈನಿಗೆ 4 ಟಿಬಿ ಡಿಸ್ಕ್: ಮೊದಲು ದಪ್ಪ ನೋಡಿ

ನಿಮ್ಮ ಲೆನೊವೊ ಎಂ720ಕ್ಯೂ ಟೈನಿ ಎಂಬ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿರುವ 500 ಜಿಬಿ ಡಿಸ್ಕ್ ತೆಗೆದು 4 ಟಿಬಿಯ 2.5 ಇಂಚಿನ ಹಾರ್ಡ್‌ಡಿಸ್ಕ್ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆರ್ಡರ್ ಮಾಡಬೇಡಿ, ಅದು ಕೂರುವುದಿಲ್ಲ. ಡಿಸ್ಕ್ ಕೂರಿಸುವ ಅದರ ಟ್ರೇ ಇರುವುದು 7 ಮಿ.ಮೀ. ದಪ್ಪದ ಡಿಸ್ಕ್‌ಗೆ. 4 ಟಿಬಿಯ 2.5 ಇಂಚಿನ ಹಾರ್ಡ್‌ಡಿಸ್ಕ್ 15 ಮಿ.ಮೀ. ಇರುತ್ತದೆ, ಒಳಗೆ ತಟ್ಟೆಗಳು ಹೆಚ್ಚು. 7 ಮಿ.ಮೀ.ನಲ್ಲಿ ಸಿಗುವ ಹಾರ್ಡ್‌ಡಿಸ್ಕ್ 2 ಟಿಬಿಗೆ ನಿಲ್ಲುತ್ತದೆ, ಅದೂ ಎಸ್‌ಎಂಆರ್ (ದತ್ತಾಂಶದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ ವಿಧಾನ) ಆದ್ದರಿಂದ ದೊಡ್ಡ ಫೈಲ್‌ಗಳನ್ನು ಸತತವಾಗಿ ಬರೆಯುವಾಗ ತುಂಬಾ ನಿಧಾನವಾಗುತ್ತದೆ. 4 ಟಿಬಿ ಬೇಕೇ ಬೇಕೆಂದರೆ ಸಾಟಾ ಕನೆಕ್ಟರ್‌ನ ಎಸ್‌ಎಸ್‌ಡಿ (ತಟ್ಟೆಗಳ ಬದಲು ಚಿಪ್‌ಗಳಿರುವ ಡಿಸ್ಕ್) ತೆಗೆದುಕೊಳ್ಳಿ.

ಬಿಚ್ಚುವ ಮೊದಲೇ ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ಸೌಲಭ್ಯ) ಪೂರ್ತಿ ಆಫ್ ಮಾಡಿ, ಹೊಸ ಡಿಸ್ಕನ್ನು ಯುಎಸ್‌ಬಿ-ಸಾಟಾ ಕೇಬಲ್‌ನಲ್ಲಿ ಸೇರಿಸಿ ಕ್ಲೋನ್‌ಜಿಲ್ಲಾ ಎಂಬ ಡಿಸ್ಕ್ ನಕಲು ತಂತ್ರಾಂಶದಿಂದ ನಕಲು ಮಾಡಿ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಗಾತ್ರ ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ಅದಲುಬದಲಾದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ.

ಆಮೇಲೆ ಹಿಂದಿನ ಒಂದು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಮುಂದಕ್ಕೆ ಸರಿಸಿ. ಸಾಟಾ ಕನೆಕ್ಟರ್‌ನಿಂದ ಬೋರ್ಡಿಗೆ ಹೋಗುವುದು ಕಾಗದದಷ್ಟು ತೆಳುವಾದ ಪಟ್ಟಿ ಕೇಬಲ್. ಅದನ್ನು ಎಳೆಯಬೇಡಿ, ಡಿಸ್ಕನ್ನೇ ಹಿಡಿದು ಜಾರಿಸಿ. ಆ ಪಟ್ಟಿ ಮಡಚಿದರೆ ಡಿಸ್ಕ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತದೆ, ಎಲ್ಲರೂ ಡಿಸ್ಕನ್ನೇ ಅನುಮಾನಿಸುತ್ತಾರೆ.

ವಿಂಡೋಸ್‌ನಲ್ಲಿ ಸುಮಾರು 2 ಟಿಬಿ ಮಾತ್ರ ಕಂಡರೆ ಡಿಸ್ಕ್ ಎಂಬಿಆರ್ (ಡಿಸ್ಕಿನ ಪಾರ್ಟಿಷನ್‌ಗಳನ್ನು ದಾಖಲಿಸುವ ಹಳೆಯ ವಿಧಾನ) ಆಗಿದೆ ಎಂದರ್ಥ. ವಿಂಡೋಸ್‌ನ ಎಂಬಿಆರ್2ಜಿಪಿಟಿ ಸಾಧನದಿಂದ ಹೊಸ ವಿಧಾನವಾದ ಜಿಪಿಟಿಗೆ ಬದಲಿಸಿ, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ಬೂಟ್ ಅನ್ನು ಜಿಪಿಟಿಗೆ ಬೇಕಾದ ಯುಇಎಫ್‌ಐ ವಿಧಾನಕ್ಕೆ ಹಾಕಿ. ಸಿ ಡ್ರೈವ್ ಹಿಗ್ಗದಿದ್ದರೆ ಅದರ ಪಕ್ಕದಲ್ಲಿ ರಿಕವರಿ ಪಾರ್ಟಿಷನ್ ಅಡ್ಡ ಕೂತಿರುತ್ತದೆ. ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ಅದನ್ನು ಕೊನೆಗೆ ಸರಿಸಿ. ಹಳೆಯ ಡಿಸ್ಕನ್ನು ಎರಡು ವಾರ ಮುಟ್ಟಬೇಡಿ.