ಹಳೇ ಪಾಸ್‌ಪೋರ್ಟ್‌ನಲ್ಲಿ ಥಾಯ್ ವೀಸಾ ಉಳಿದಿದೆ, ಹೇಗೆ ಹೋಗಲಿ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ್ದು. ಪಾಸ್‌ಪೋರ್ಟ್ ಹೊಸದಾಗಿದೆ, ವೀಸಾ ಹಳೆಯದರಲ್ಲೇ ಉಳಿದಿದೆ. ಹಾಗಾಗಿ ಈ ಕಂತನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ವಿದೇಶಿ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. 2024ರ ನವೆಂಬರ್‌ನಲ್ಲಿ ಥಾಯ್ಲೆಂಡ್‌ನ ಡಿಟಿವಿ ವೀಸಾ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ, ನನ್ನ ಹಾಗೆ ದೂರದಿಂದ ಕೆಲಸ ಮಾಡುವವರಿಗೂ ಕೊಡುವುದು) ಸಿಕ್ಕಿತು. ಐದು ವರ್ಷದ್ದು, ಪಾಸ್‌ಪೋರ್ಟ್ ಪುಟಕ್ಕೆ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದರು. ಒಂದು ಸಲ ಹೋಗಿ ಬಂದೆ. ಅಷ್ಟರಲ್ಲಿ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂತು, ಹೊಸದು ಮಾಡಿಸಿದೆ. ಹಳೆಯದಕ್ಕೆ ರದ್ದು ಅಂತ ಮುದ್ರೆ ಹೊಡೆದು, ಮೂಲೆ ಕತ್ತರಿಸಿ ವಾಪಸ್ ಕೊಟ್ಟಿದ್ದಾರೆ. ವೀಸಾನೂ ಹೋಯಿತಾ? ಮತ್ತೆ ದುಡ್ಡು ಕಟ್ಟಬೇಕಾ?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಹೋಗಿಲ್ಲ, ಗಾಬರಿ ಬೇಡ. ಪಾಸ್‌ಪೋರ್ಟ್ ರದ್ದು ಮಾಡಿದ್ದು ನಮ್ಮ ಸರ್ಕಾರ. ವೀಸಾ ಕೊಟ್ಟಿದ್ದು ಅವರ ಸರ್ಕಾರ. ಪುಸ್ತಕದ ಮೂಲೆ ಕತ್ತರಿಸಿದರೆ ಅದರೊಳಗಿನ ವೀಸಾ ಸಾಯುವುದಿಲ್ಲ. ಸ್ಟಿಕ್ಕರ್ ಮೇಲಿನ ಕೊನೇ ದಿನಾಂಕ ಮುಗಿದಿರಬಾರದು. ಆ ಪುಟ ಹರಿದಿರಬಾರದು, ಅದರ ಮೇಲೆ ಯಾರೂ ರದ್ದು ಮುದ್ರೆ ಒತ್ತಿರಬಾರದು. ಇಷ್ಟಿದ್ದರೆ ಎರಡೂ ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಬಹುದು.

ಎರಡೂ ಪುಸ್ತಕ ನಿಮ್ಮವೇ ಅಂತ ತೋರಿಸಲು ಒಂದು ಸುಲಭದ ದಾರಿ ಇದೆ. ಹೊಸ ಪಾಸ್‌ಪೋರ್ಟಿನ ಕೊನೇ ಪುಟ ತೆಗೆದು ನೋಡಿ. ತಂದೆ ತಾಯಿ ಹೆಸರು, ವಿಳಾಸ ಇರುವ ಪುಟ. ಅಲ್ಲೇ ಹಳೇ ಪಾಸ್‌ಪೋರ್ಟ್ ನಂಬರ್, ಅದನ್ನು ಕೊಟ್ಟ ದಿನಾಂಕ ಮತ್ತು ಊರು ಅಚ್ಚಾಗಿರುತ್ತದೆ. ಆ ನಂಬರ್ ಹಳೇ ಪುಸ್ತಕದ ನಂಬರಿಗೆ ಸರಿಯಾಗಿ ಹೊಂದುತ್ತಾ ಅಂತ ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ. ಒಂದು ಅಕ್ಷರ ತಪ್ಪಿದ್ದರೂ ಹೊರಡುವ ಮೊದಲೇ ಪಾಸ್‌ಪೋರ್ಟ್ ಕಚೇರಿಗೆ ಹೋಗಿ ಸರಿ ಮಾಡಿಸಿ.

ಇನ್ನು ನಿಜವಾಗಿ ಹುಷಾರಾಗಿರಬೇಕಾದ ಜಾಗ ಬೇರೆ. ಜನ ವಿಮಾನ ಹತ್ತಲು ಬಿಡುತ್ತಾರೋ ಇಲ್ಲವೋ ಅಂತ ಜಾಸ್ತಿ ಯೋಚನೆ ಮಾಡುತ್ತಾರೆ. ಆದರೆ ತೊಂದರೆ ಆಗುವುದು ಬ್ಯಾಂಕಾಕ್‌ನಲ್ಲಿ ಇಳಿದ ಮೇಲೆ, ಅದೂ ಸದ್ದಿಲ್ಲದೆ. ಯಾಕೆ ಅಂದರೆ, ಭಾರತೀಯರಿಗೆ ವೀಸಾ ಇಲ್ಲದೆಯೇ ಒಳಗೆ ಬಿಡುವ ನಿಯಮ 2023ರ ನವೆಂಬರ್‌ನಲ್ಲಿ 30 ದಿನಕ್ಕೆ ಅಂತ ಬಂತು, 2024ರ ಜುಲೈ 15ರಿಂದ ಅದು 60 ದಿನ ಆಯಿತು. ಈ ದಿನಗಳ ಲೆಕ್ಕ ಬದಲಾಗುತ್ತಾ ಇರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿಕೊಳ್ಳಿ. ಈಗ ನೀವು ಅಲ್ಲಿನ ಇಮಿಗ್ರೇಷನ್ ಕೌಂಟರಿನಲ್ಲಿ ಹೊಸ ಪಾಸ್‌ಪೋರ್ಟ್ ಒಂದನ್ನೇ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಅಧಿಕಾರಿಗೆ ಕಾಣುವುದು ಖಾಲಿ ಪುಟಗಳ ಒಂದು ಭಾರತೀಯ ಪಾಸ್‌ಪೋರ್ಟ್. ಅವರು ಏನೂ ಕೇಳದೆ, ಎಲ್ಲ ಪ್ರವಾಸಿಗರಿಗೆ ಹೊಡೆಯುವ ಮುದ್ರೆಯನ್ನೇ ಹೊಡೆದು ಕಳಿಸುತ್ತಾರೆ. ಅವರದ್ದು ತಪ್ಪಲ್ಲ. ನಿಮ್ಮ ಡಿಟಿವಿ ಮೇಲೆ ಒಂದೊಂದು ಪ್ರವೇಶಕ್ಕೂ 180 ದಿನ ಇರಬಹುದು, ಆದರೆ ಆ ಸಲ ನೀವು ವೀಸಾ ಇಲ್ಲದೆ ಬಂದವರ ಲೆಕ್ಕಕ್ಕೆ ಸೇರಿಬಿಟ್ಟಿರುತ್ತೀರಿ.

ಇದು ಗೊತ್ತಾಗದೆ 180 ದಿನ ಉಳಿದುಬಿಟ್ಟರೆ ಏನಾಗುತ್ತದೆ ನೋಡಿ. ಮುದ್ರೆ 60 ದಿನದ್ದಾದರೆ 120 ದಿನ ಜಾಸ್ತಿ ಇದ್ದ ಹಾಗಾಯಿತು. ಅಲ್ಲಿ ದಂಡ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್. ದುಡ್ಡಿನದು ಬಿಡಿ, ಹೇಗೋ ಕಟ್ಟಬಹುದು. ಅವಧಿ ಮೀರಿ 90 ದಿನಕ್ಕಿಂತ ಜಾಸ್ತಿ ಇದ್ದರೆ, ನೀವೇ ವಿಮಾನ ನಿಲ್ದಾಣಕ್ಕೆ ಹೋಗಿ ಒಪ್ಪಿಕೊಂಡರೂ ಒಂದು ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಕೈಯಲ್ಲಿ ಐದು ವರ್ಷದ ವೀಸಾ ಇಟ್ಟುಕೊಂಡು ಈ ಸ್ಥಿತಿಗೆ ಬರುವುದು ಎಂಥ ಸಂಕಟ, ಅಲ್ವಾ?

ಹಾಗಾಗಿ ಕೌಂಟರಿಗೆ ಹೋಗುವಾಗ ಎರಡೂ ಪುಸ್ತಕ ಒಟ್ಟಿಗೆ ಕೊಡಿ. ಹಳೆಯದನ್ನು ವೀಸಾ ಪುಟಕ್ಕೇ ತೆರೆದು ಕೊಡಿ. ಬಾಯಿಬಿಟ್ಟು 'ವೀಸಾ ಇನ್ ಓಲ್ಡ್ ಪಾಸ್‌ಪೋರ್ಟ್' ಅಂತ ಹೇಳಿ, ಅಷ್ಟು ಸಾಕು. ಮುದ್ರೆ ಸಾಮಾನ್ಯವಾಗಿ ಹೊಸದರಲ್ಲಿ ಹೊಡೆಯುತ್ತಾರೆ. ಆಮೇಲೆ ಅಲ್ಲೇ ನಿಂತು, ಹಿಂದೆ ಸಾಲು ಎಷ್ಟೇ ಉದ್ದ ಇರಲಿ, ಆ ಮುದ್ರೆಯಲ್ಲಿ ಎರಡು ವಿಷಯ ಓದಿ: ಯಾವ ಬಗೆಯ ವೀಸಾ ಅಂತ ಬರೆದಿದ್ದಾರೆ, ಯಾವ ದಿನಾಂಕದವರೆಗೆ ಬಿಟ್ಟಿದ್ದಾರೆ. ತಪ್ಪಿದ್ದರೆ ಅಲ್ಲೇ ತಕ್ಷಣ ಹೇಳಿ. ಹೊರಗೆ ಬಂದು ಟ್ಯಾಕ್ಸಿ ಹತ್ತಿದ ಮೇಲೆ ಅದನ್ನು ಸರಿಪಡಿಸುವುದು ದೊಡ್ಡ ಅಲೆದಾಟ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹಿಂದೊಮ್ಮೆ ಬ್ಯಾಂಕಾಕ್‌ನಲ್ಲಿ ಇಳಿದು ಲಗೇಜಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಪಾಸ್‌ಪೋರ್ಟ್ ಬಿಡಿಸಿ ನೋಡುತ್ತಾ, ಫೋನಿನಲ್ಲಿ ಕನ್ನಡದಲ್ಲಿ, 'ರೀ, ಇವರು ಬೇರೆ ಏನೋ ಹೊಡೆದಿದ್ದಾರೆ' ಅಂತ ಹೇಳುತ್ತಿದ್ದರು. ಗಂಡನಿಗೆ ಅಲ್ಲೇ ಕೆಲಸ. ಇವರಿಗೆ ಕುಟುಂಬದ ವೀಸಾ, ಹಳೇ ಪಾಸ್‌ಪೋರ್ಟ್‌ನಲ್ಲಿ. ಕೌಂಟರಿನಲ್ಲಿ ಹೊಸದನ್ನು ಮಾತ್ರ ಕೊಟ್ಟಿದ್ದರು. ಹಳೆಯದು ಎಲ್ಲಿದೆ ಅಂತ ಕೇಳಿದೆ. ಸೂಟ್‌ಕೇಸ್‌ನಲ್ಲಿ, ಚಟ್ನಿಪುಡಿ ಡಬ್ಬಿಗಳ ಕೆಳಗೆ, ಸೀರೆಯ ಮಡಿಕೆಯೊಳಗೆ ಜೋಪಾನವಾಗಿ ಇಟ್ಟಿದ್ದರಂತೆ. ಸೂಟ್‌ಕೇಸ್ ಇನ್ನೂ ಬೆಲ್ಟಿಗೆ ಬಂದಿರಲಿಲ್ಲ. ಅದು ಬಂದ ಮೇಲೆ ನೆಲದ ಮೇಲೇ ಕೂತು ಎಲ್ಲ ಕಿತ್ತು ಹಾಕಿ ಪುಸ್ತಕ ಹುಡುಕಿದರು. ವಾಪಸ್ ಹೋಗಿ ಅಧಿಕಾರಿಯ ಹತ್ತಿರ ಹೇಳಿಕೊಂಡರು. ಒಳ್ಳೆಯವರು, ಹಳೇ ಮುದ್ರೆ ರದ್ದು ಮಾಡಿ ಸರಿಯಾದ್ದು ಹೊಡೆದುಕೊಟ್ಟರು. ಆ ಹೊತ್ತಿಗೆ ಆಕೆಯ ಕೈ ನಡುಗುತ್ತಿತ್ತು. ಹಳೇ ಪಾಸ್‌ಪೋರ್ಟ್ ಯಾವತ್ತೂ ಕೈಚೀಲದಲ್ಲೇ ಇರಬೇಕು, ದಯವಿಟ್ಟು.

ಎರಡನ್ನೂ ಸ್ಟೇಪಲ್ ಮಾಡಬೇಡಿ. ಹೊಸ ಪಾಸ್‌ಪೋರ್ಟಿಗೆ ಪಿನ್ ಚುಚ್ಚಿದರೆ ಅದೇ ಒಂದು ತಕರಾರು. ರಬ್ಬರ್ ಬ್ಯಾಂಡ್ ಹಾಕಿ ಸಾಕು. ಸ್ಟಿಕ್ಕರ್ ಕಿತ್ತು ಹೊಸ ಪುಸ್ತಕಕ್ಕೆ ಅಂಟಿಸುವ ಯೋಚನೆ ಅಂತೂ ಕನಸಲ್ಲೂ ಬೇಡ, ಹಾಗೆ ಮಾಡಿದರೆ ಆ ವೀಸಾ ಹಾಳಾದಂತೆ.

ವಿಮಾನದ ಟಿಕೆಟ್‌ಗೆ ಹೊಸ ಪಾಸ್‌ಪೋರ್ಟ್ ನಂಬರೇ ಕೊಡಿ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವವರು ಆನ್‌ಲೈನ್‌ನಲ್ಲಿ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು, ಟಿಡಿಎಸಿ ಅಂತಾರೆ. ಅದರಲ್ಲೂ ಹೊಸ ನಂಬರೇ. ತಲುಪುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಜಾಲತಾಣ ಕಂಡರೆ ಅಲ್ಲಿಂದ ಹೊರಗೆ ಬನ್ನಿ.

ಪ್ರಶ್ನೆ: ಯಜಮಾನರು ರಯಾಂಗ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ಒಂದು ವರ್ಷದ ವಾಸದ ಪರವಾನಗಿ ಮುದ್ರೆ, ರೀ-ಎಂಟ್ರಿ ಪರ್ಮಿಟ್ (ದೇಶದಿಂದ ಹೊರಗೆ ಹೋಗಿ ವಾಪಸ್ ಬರಲು ಕೊಡುವ ಅನುಮತಿ) ಎರಡೂ ಹಳೇ ಪಾಸ್‌ಪೋರ್ಟ್‌ನಲ್ಲಿವೆ. ರಜೆಗೆ ಊರಿಗೆ ಬಂದಾಗ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡರು. ವಾಪಸ್ ಹೋಗುವಾಗ ಹೊಸ ವೀಸಾ ಬೇಕಾ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬೇಡ. ಆದರೆ ಇವರದ್ದು ಮೇಲಿನವರ ಪ್ರಶ್ನೆಗಿಂತ ಸ್ವಲ್ಪ ಬೇರೆ. ಇವರ ಬಳಿ ಉಳಿದಿರುವುದು ವೀಸಾ ಅಲ್ಲ, ಅಲ್ಲಿ ಇರಲು ಕೊಟ್ಟ ಅನುಮತಿ. ಆ ಅನುಮತಿಯನ್ನು ಜೀವಂತವಾಗಿ ಇಟ್ಟಿರುವುದು ರೀ-ಎಂಟ್ರಿ ಪರ್ಮಿಟ್. ಒಂದು ಸಲಕ್ಕಾದರೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800 ಬಾತ್ ಕಟ್ಟಿ ಮಾಡಿಸಿಕೊಳ್ಳುವುದು. ಅದನ್ನು ಮಾಡಿಸದೆ ದೇಶ ಬಿಟ್ಟರೆ ಇಡೀ ವರ್ಷದ ಅನುಮತಿ ಅಲ್ಲಿಗೇ ಮುಗಿಯಿತು. ಯಜಮಾನರು ಮಾಡಿಸಿದ್ದಾರೆ, ಒಳ್ಳೆಯದಾಯಿತು.

ಇಳಿದಾಗ ರೀ-ಎಂಟ್ರಿ ಮುದ್ರೆ ಇರುವ ಪುಟ ತೆರೆದು ಎರಡೂ ಪುಸ್ತಕ ಕೊಡಬೇಕು. ಹೊಸ ಮುದ್ರೆಯ ದಿನಾಂಕ ಹಳೇ ಅನುಮತಿಯ ಕೊನೇ ದಿನಾಂಕವೇ ಆಗಿರಬೇಕು, ಅದನ್ನು ಹೊಂದಿಸಿ ನೋಡಲಿ. ಆಮೇಲೆ ಒಂದು ವಾರದೊಳಗೆ ತಮ್ಮ ಪ್ರಾಂತ್ಯದ ಇಮಿಗ್ರೇಷನ್ ಕಚೇರಿಗೆ ಹೋಗಿ ಹಳೇ ಮುದ್ರೆಗಳನ್ನು ಹೊಸ ಪುಸ್ತಕಕ್ಕೆ ವರ್ಗ ಮಾಡಿಸಿಕೊಳ್ಳುವುದು ಒಳ್ಳೆಯದು. ಬ್ಯಾಂಕಾಕ್‌ನಲ್ಲಿ ಇರುವವರಿಗಾದರೆ ಇದು ಚೇಂಗ್ ವತ್ತನದ ಸರ್ಕಾರಿ ಸಂಕೀರ್ಣ. ಎರಡೂ ಪಾಸ್‌ಪೋರ್ಟ್, ಫೋಟೋ ಇರುವ ಪುಟ, ವೀಸಾ, ಮುದ್ರೆ ಎಲ್ಲದರ ಜೆರಾಕ್ಸ್ ಬೇಕು, ಪ್ರತಿಯೊಂದಕ್ಕೂ ಸಹಿ ಹಾಕಬೇಕು. ಪಾಸ್‌ಪೋರ್ಟ್ ಬದಲಾಗಿದೆ ಅಂತ ರಾಯಭಾರ ಕಚೇರಿಯ ಪತ್ರವನ್ನೂ ಕೇಳುತ್ತಾರೆ. ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿ ಸುಖುಮ್ವಿತ್ ರಸ್ತೆಯ 23ನೇ ಸೋಯಿಯಲ್ಲಿದೆ, ಸೋಯಿ ಅಂದರೆ ಅಡ್ಡರಸ್ತೆ. ಅಲ್ಲೇ ಹೊಸ ಪಾಸ್‌ಪೋರ್ಟ್ ಮಾಡಿಸುವವರು ಪುಸ್ತಕದ ಜೊತೆಗೇ ಈ ಪತ್ರವನ್ನೂ ಕೇಳಿ ತೆಗೆದುಕೊಂಡರೆ ಎರಡನೇ ಓಡಾಟ ತಪ್ಪುತ್ತದೆ. ಥಾಯ್ ಕಾಗದಗಳಲ್ಲಿ 2026 ಅನ್ನುವುದನ್ನು 2569 ಅಂತ ಬರೆದಿದ್ದರೆ ಹೆದರಬೇಡಿ, ಅದು ಅವರ ಬೌದ್ಧ ವರ್ಷ, ನಮ್ಮದಕ್ಕೆ 543 ಸೇರಿಸಿದ್ದು.

ವರ್ಕ್ ಪರ್ಮಿಟ್‌ನಲ್ಲೂ ನಂಬರ್ ಬದಲಾಯಿಸಬೇಕು, ಕಂಪನಿಯವರಿಗೆ ಇವತ್ತೇ ತಿಳಿಸಿ. ಮುಂದಿನ ಸಲಕ್ಕೆ ಒಂದು ಮಾತು ನೆನಪಿರಲಿ: ಪಾಸ್‌ಪೋರ್ಟ್ ಮುಗಿಯುವ ದಿನಾಂಕ ದಾಟಿ ಅಲ್ಲಿ ಅನುಮತಿ ವಿಸ್ತರಿಸುವುದಿಲ್ಲ. ಪಾಸ್‌ಪೋರ್ಟ್‌ಗೆ ಏಳು ತಿಂಗಳು ಉಳಿದಿದ್ದರೆ ಸಿಗುವುದೂ ಏಳೇ ತಿಂಗಳು, ವರ್ಷದ ಪೂರ್ತಿ ಶುಲ್ಕ 1,900 ಬಾತ್ ಕಟ್ಟಿದರೂ ಅಷ್ಟೇ. ಅದಕ್ಕೇ ಮೊದಲು ಪಾಸ್‌ಪೋರ್ಟ್, ಆಮೇಲೆ ವಿಸ್ತರಣೆ.

ಪ್ರಶ್ನೆ: ಹಳೇ ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇತ್ತು. ಹೊಸದರಲ್ಲಿ ಬಿಡಿಸಿ ಪೂರ್ತಿ ಬರೆಸಿದೆ, ಊರಿನ ಹೆಸರು, ತಂದೆ ಹೆಸರು ಎಲ್ಲ ಸೇರಿತು. ವೀಸಾ ಹಳೇ ಹೆಸರಿನಲ್ಲಿದೆ. ನಡೆಯುತ್ತಾ?
— ಓದುಗರು, ದಾವಣಗೆರೆ

ಉತ್ತರ: ಇದು ನಮ್ಮ ಕಡೆಯವರಿಗೇ ಹೆಚ್ಚಾಗಿ ಬರುವ ಕಷ್ಟ. ನಮ್ಮಲ್ಲಿ ಮನೆತನದ ಹೆಸರು ಇಟ್ಟುಕೊಳ್ಳದವರೇ ಜಾಸ್ತಿ, ಎರಡು ಇನಿಷಿಯಲ್‌ನಲ್ಲಿ ಊರೂ ಅಪ್ಪನೂ ಬಂದುಬಿಡುತ್ತಾರೆ. ನಮಗೆ ಎರಡೂ ಒಂದೇ ಹೆಸರು. ಕಂಪ್ಯೂಟರ್‌ಗೆ ಬೇರೆ ಬೇರೆ.

ಇದನ್ನು ವಿಮಾನ ನಿಲ್ದಾಣಕ್ಕೆ ಬಿಡಬೇಡಿ. ವೀಸಾ ಕೊಟ್ಟ ಕಚೇರಿಗೆ ಮೊದಲೇ ಬರೆದು ಕೇಳಿ. ಕರ್ನಾಟಕದವರಲ್ಲಿ ಹೆಚ್ಚಿನವರದ್ದು ಚೆನ್ನೈನ ಥಾಯ್ ಕಾನ್ಸುಲೇಟ್ ಆಗಿರುತ್ತದೆ. ಎರಡೂ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೇ ಪುಟ, ವೀಸಾ ಪುಟ ಸ್ಕ್ಯಾನ್ ಮಾಡಿ ಕಳಿಸಿ. ಅವರು ಕೊಡುವ ಉತ್ತರವನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ, ಏಕೆಂದರೆ ಚೆಕ್-ಇನ್ ಕೌಂಟರಿನ ಹುಡುಗನಿಗೆ ನಿಮ್ಮ ಮಾತಿಗಿಂತ ಆ ಕಾಗದದ ಮೇಲೆ ನಂಬಿಕೆ ಜಾಸ್ತಿ. ಅವರು ಹೊಸ ವೀಸಾ ತೆಗೆದುಕೊಳ್ಳಿ ಅಂದರೆ ತೆಗೆದುಕೊಳ್ಳಿ. ಮದುವೆ ಆದ ಮೇಲೆ ಹೆಸರು ಬದಲಾಯಿಸಿದ ಹೆಣ್ಣುಮಕ್ಕಳಿಗೂ ಇದೇ ಉತ್ತರ, ಮದುವೆ ನೋಂದಣಿ ಪತ್ರವನ್ನೂ ಸೇರಿಸಿ ಕಳಿಸಬೇಕು. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಹೆಸರು ಬಿಡಿಸಿ ಬರೆಸುವ ಮುಂಚೆ, ಕೈಯಲ್ಲಿ ಯಾವ ಯಾವ ದೇಶದ ವೀಸಾ ಉಳಿದಿದೆ ಅಂತ ಒಮ್ಮೆ ಎಣಿಸಿಕೊಳ್ಳಿ.

ಪ್ರಶ್ನೆ: ನನ್ನದು ಇ-ವೀಸಾ. ಸ್ಟಿಕ್ಕರ್ ಇಲ್ಲ, ಕಾಗದ ಅಷ್ಟೇ. ಅದರ ಮೇಲೆ ಹಳೇ ಪಾಸ್‌ಪೋರ್ಟ್ ನಂಬರ್ ಇದೆ.
— ಓದುಗರು, ಮಂಗಳೂರು

ಉತ್ತರ: ಭಾರತದಲ್ಲಿ ಥಾಯ್ ಇ-ವೀಸಾ ಶುರುವಾಗಿದ್ದು 2025ರ ಜನವರಿ 1ರಿಂದ. ಅದಾದ ಮೇಲೆ ತೆಗೆದುಕೊಂಡವರಿಗೆ ಸ್ಟಿಕ್ಕರ್ ಇರುವುದಿಲ್ಲ, ವೀಸಾ ಅಂಟಿಕೊಂಡಿರುವುದು ನಂಬರಿಗೆ. ಆದ್ದರಿಂದ ಹೊಸ ನಂಬರ್ ಬಂದ ಕೂಡಲೇ, ಟಿಕೆಟ್ ತೆಗೆಯುವ ಮುಂಚೆ, ವೀಸಾ ಕೊಟ್ಟ ಕಚೇರಿಗೆ ಬರೆದು ಲಿಖಿತ ಉತ್ತರ ತೆಗೆದುಕೊಳ್ಳಿ. ಹಳೇ ಪಾಸ್‌ಪೋರ್ಟ್, ಇ-ವೀಸಾ ಪ್ರಿಂಟ್ ಎರಡೂ ಜೋಪಾನ. ಸುಮ್ನೆ ಯಾರೋ ಏಜೆಂಟ್ 'ಏನೂ ಆಗಲ್ಲ ಸಾರ್' ಅಂದರೆ ನಂಬಿ ಹೊರಡಬೇಡಿ.

ಪ್ರಶ್ನೆ: 2018ರಲ್ಲಿ ಹನಿಮೂನ್‌ಗೆ ಹೋದಾಗ ತೆಗೆದುಕೊಂಡ ಥಾಯ್ ವೀಸಾ ಹಳೇ ಪಾಸ್‌ಪೋರ್ಟ್‌ನಲ್ಲಿದೆ. ಈಗ ಮಕ್ಕಳ ಜೊತೆ ಹತ್ತು ದಿನ ಫುಕೆಟ್‌ಗೆ ಹೊರಟಿದ್ದೇವೆ. ಅದನ್ನೂ ಒಯ್ಯಬೇಕಾ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಕಿಲ್ಲ. ಅದು ಒಂದು ಸಲ ಬಳಸಿ ಮುಗಿದ ವೀಸಾ. ಭಾರತೀಯರಿಗೆ ವೀಸಾ ಇಲ್ಲದ ಪ್ರವೇಶ ಆಗಲೂ ಇದ್ದರೆ ಹತ್ತು ದಿನಕ್ಕೆ ಅದೇ ಸಾಕು, ಹೊರಡುವ ವಾರ ನಿಯಮ ಒಮ್ಮೆ ನೋಡಿಕೊಳ್ಳಿ. ನಿಮ್ಮ ಹೊಸ ಪಾಸ್‌ಪೋರ್ಟಿಗೆ ಆರು ತಿಂಗಳಿಗಿಂತ ಹೆಚ್ಚು ಅವಧಿ ಇರಲಿ. ಮಕ್ಕಳದ್ದನ್ನೂ ತೆಗೆದು ನೋಡಿ, ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ.