'ಮಿಡ್ಲ್‌ಮಾರ್ಚ್' ನೂರು ಪುಟಕ್ಕೇ ನಿಂತುಹೋದರೆ ಮತ್ತೆ ಹೇಗೆ ಹಿಡಿಯಬೇಕು?

ನೀವು ಕೇಳಿದ್ದು ಇದು: ಜಾರ್ಜ್ ಎಲಿಯಟ್ ಬರೆದ 'ಮಿಡ್ಲ್‌ಮಾರ್ಚ್' ಕಾದಂಬರಿ ಎರಡು ಸಲ ಶುರು ಮಾಡಿ ಎರಡೂ ಸಲ ನೂರು ಪುಟದ ಆಸುಪಾಸಿನಲ್ಲಿ ಬಿಟ್ಟಿರಿ, ಪ್ರೀತಿ, ಮದುವೆ, ಊರವರ ಮಾತು ಬಿಟ್ಟರೆ ಏನೂ ನಡೆಯುವುದಿಲ್ಲ ಅನ್ನಿಸಿತು, ಇದನ್ನು ಯಾಕಿಷ್ಟು ಹೊಗಳುತ್ತಾರೆ, ಹೇಗೆ ಓದಬೇಕು?

ನೂರು ಪುಟ ಅಂದರೆ ಹೆಚ್ಚುಕಡಿಮೆ ಹನ್ನೊಂದನೇ ಅಧ್ಯಾಯ. ಅಲ್ಲಿ ಎಡವುವವರು ಬಹಳ ಜನ, ಎಡವಲು ಕಾರಣವೂ ಇದೆ. ಎಲಿಯಟ್ 1869ರಲ್ಲಿ ಒಬ್ಬ ಯುವ ವೈದ್ಯನ ಕಥೆ ಶುರು ಮಾಡಿದ್ದರು, ಅದು ಮುಂದೆ ಸಾಗಲಿಲ್ಲ. 1870ರ ಕೊನೆಗೆ 'ಮಿಸ್ ಬ್ರೂಕ್' ಎಂಬ ಬೇರೆಯದೇ ಕಥೆ ಹಿಡಿದರು. ಆಮೇಲೆ ಎರಡನ್ನೂ ಸೇರಿಸಿ ಹೊಲಿದರು. ಆ ಹೊಲಿಗೆ ಬೀಳುವುದು ಹತ್ತನೇ ಅಧ್ಯಾಯದ ಔತಣಕೂಟದಲ್ಲಿ. ಅಲ್ಲಿಯವರೆಗೆ ಆ ಮಿಸ್ ಬ್ರೂಕ್, ಅಂದರೆ ಡೊರೊಥಿಯಾಳ ಜೊತೆ ನಡೆದು ಬಂದವರಿಗೆ ಹನ್ನೊಂದರಿಂದ ಥಟ್ಟನೆ ಆ ಯುವ ವೈದ್ಯ ಲಿಡ್‌ಗೇಟ್, ವಿನ್ಸಿ ಮನೆಯವರು, ಆಸ್ತಿವಂತ ಮುದುಕ ಫೆದರ್‌ಸ್ಟೋನ್ ಎದುರಾಗುತ್ತಾರೆ. ನಾಯಕಿ ಎಲ್ಲಿ ಹೋದಳು ಎಂದು ಹುಡುಕುತ್ತಾ ಓದಿದರೆ ಮುಂದಿನ ಎಂಟು ಅಧ್ಯಾಯ ಬೇಸರ ತರಿಸುತ್ತವೆ. ಆಕೆ ಮತ್ತೆ ಕಾಣಿಸುವುದು ಹತ್ತೊಂಬತ್ತರಲ್ಲಿ, ರೋಮ್‌ನಲ್ಲಿ. ಇಷ್ಟು ಗೊತ್ತಿದ್ದರೆ ಸಾಕು, ದಾಟಿಕೊಳ್ಳುತ್ತೀರಿ.

ಇನ್ನೊಂದು ಗಮನಿಸಿದ್ದೀರಾ? ಡೊರೊಥಿಯಾಳ ಮದುವೆ ಕಾದಂಬರಿಯಲ್ಲಿ ನಡೆಯುವುದೇ ಇಲ್ಲ. ಆ ಔತಣವಾದ ಸ್ವಲ್ಪ ದಿನಕ್ಕೆ ಅವಳು ವಿದ್ವಾಂಸ ಕಸೊಬನ್‌ನ ಕೈಹಿಡಿದು ಶ್ರೀಮತಿ ಕಸೊಬನ್ ಆಗಿ ರೋಮ್‌ಗೆ ಹೊರಟಿದ್ದಳು ಎಂಬ ಒಂದೇ ವಾಕ್ಯದಲ್ಲಿ ಹತ್ತನೇ ಅಧ್ಯಾಯ ಮುಗಿದುಹೋಗುತ್ತದೆ. ಬೇರೆ ಕಾದಂಬರಿಗಳು ಮುನ್ನೂರು ಪುಟ ಕಾಯಿಸಿ ಕೊಡುವ ಮದುವೆಯನ್ನು ಇಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿ, ಉಳಿದ ಎಪ್ಪತ್ತಾರು ಅಧ್ಯಾಯ ಅದರ ನಂತರದ ದಿನಗಳಿಗೆ ಮೀಸಲು. 'ಏನೂ ನಡೆಯುವುದಿಲ್ಲ' ಅನ್ನಿಸುವುದು ಅದಕ್ಕೇ. ಇಲ್ಲಿನ ಘಟನೆಗಳ ಅಳತೆ ಸಣ್ಣದು: ಗಂಡ ತೋಳು ಬಿಗಿ ಮಾಡಿಕೊಳ್ಳುವುದು ಒಂದು ಘಟನೆ, ಹೆಂಡತಿ ಬೇರೆ ಸ್ವರದಲ್ಲಿ ಮಾತಾಡುವುದು ಇನ್ನೊಂದು.

ಮತ್ತೆ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ನೆಂಟಸ್ತಿಕೆ ಬರೆದಿಟ್ಟುಕೊಳ್ಳಿ, ಅದೂ ಕನ್ನಡದಲ್ಲಿ. ಇಂಗ್ಲಿಷಿನ ಅಂಕಲ್, ಆಂಟಿ, ಕಸಿನ್ ಏನನ್ನೂ ಬಿಡಿಸಿ ಹೇಳುವುದಿಲ್ಲ, ನಮ್ಮ ಪದಗಳು ಹೇಳುತ್ತವೆ. ಬ್ಯಾಂಕರ್ ಬುಲ್‌ಸ್ಟ್ರೋಡನ ಹೆಂಡತಿ ಹ್ಯಾರಿಯೆಟ್, ರೋಸಮಂಡ್ ಮತ್ತು ಫ್ರೆಡ್ ವಿನ್ಸಿಗೆ ಸೋದರತ್ತೆ. ಫೆದರ್‌ಸ್ಟೋನನ ಮೊದಲ ಹೆಂಡತಿ ಕೇಲಬ್ ಗಾರ್ತ್‌ನ ಸೋದರಿ, ಎರಡನೆಯವಳು ಫ್ರೆಡ್‌ನ ತಾಯಿಯ ಸೋದರಿ. ಆಸ್ತಿಗೆ ಎರಡೂ ಮನೆಯ ಕಣ್ಣು ಯಾಕೆ ಎಂಬುದು ಇಲ್ಲೇ ತಿಳಿಯುತ್ತದೆ. ಇನ್ನು ಡೊರೊಥಿಯಾಳನ್ನು ಮುಂದೆ ಪ್ರೀತಿಸುವ ವಿಲ್ ಲ್ಯಾಡಿಸ್ಲಾ, ಕಸೊಬನ್‌ನ ತಾಯಿಯ ಅಕ್ಕನ ಮೊಮ್ಮಗ. ದೊಡ್ಡಮ್ಮನ ಮಗ ಅಣ್ಣನಾದರೆ ಅವನ ಮಗ ಮಗನ ಸಮಾನ. ನಮ್ಮ ಲೆಕ್ಕದಲ್ಲಿ ಡೊರೊಥಿಯಾ ಅವನಿಗೆ ದೊಡ್ಡಮ್ಮನೋ ಚಿಕ್ಕಮ್ಮನೋ ಆಗಬೇಕು! ಅಲ್ಲಿನ ಊರವರಿಗೆ ಆ ಸಂಬಂಧದ ತಕರಾರಿಲ್ಲ, ಅವನ ಕುಲಗೋತ್ರ ಮತ್ತು ಬರಿಗೈಯದೇ ತಕರಾರು.

ಮೊದಲ ಹತ್ತು ಅಧ್ಯಾಯಗಳನ್ನು ಗಂಭೀರವಾಗಿ ಓದಿದ್ದು ನಿಮ್ಮ ಇನ್ನೊಂದು ತಪ್ಪಿರಬಹುದು. ಅವು ತಮಾಷೆಯಾಗಿವೆ. ಡೊರೊಥಿಯಾಗೆ ಕುದುರೆ ಸವಾರಿ ಎಂದರೆ ಪ್ರಾಣ. ಆದ್ದರಿಂದಲೇ ಅದನ್ನು ತ್ಯಜಿಸುವ ದಿನಕ್ಕಾಗಿ ಅವಳು ಆಸೆಯಿಂದ ಕಾಯುತ್ತಿರುತ್ತಾಳೆ. ಕಸೊಬನ್‌ನ ಒಂದು ತೊಟ್ಟು ರಕ್ತವನ್ನು ಭೂತಗನ್ನಡಿಯಲ್ಲಿ ನೋಡಿದರೆ ಬರೀ ಅರ್ಧವಿರಾಮ, ಆವರಣ ಚಿಹ್ನೆಗಳೇ ಕಂಡವಂತೆ, ಇದು ಪಾದ್ರಿಯ ಹೆಂಡತಿ ಶ್ರೀಮತಿ ಕ್ಯಾಡ್‌ವಾಲಡರ್ ಮಾತು. ಹುಡುಗಿಗೆ ಇನ್ನೂ ಇಪ್ಪತ್ತು ತುಂಬಿಲ್ಲ, ವರನಿಗೆ ನಲವತ್ತೈದು ದಾಟಿದೆ, ಮತ್ತು ಅವಳೇ ಇಷ್ಟಪಟ್ಟು ಒಪ್ಪಿದ್ದು: ಎಲ್ಲ ಪುರಾಣಗಳಿಗೂ ಒಂದೇ ಮೂಲ ಎಂದು ತೋರಿಸುವ ಅವನ ಮಹಾಗ್ರಂಥಕ್ಕೆ ನೆರವಾಗುತ್ತೇನೆಂದು. ನಗು ಬರದಿದ್ದರೆ ಓದಿನ ವೇಗ ಹೆಚ್ಚಾಯಿತು ಎಂದರ್ಥ.

ನಗಿಸಿದ ಕಸೊಬನ್‌ನನ್ನು ಕಾದಂಬರಿ ಏನು ಮಾಡುತ್ತದೆ ನೋಡಿ, ನನ್ನ ಮಟ್ಟಿಗೆ ಇದರ ಹಿರಿಮೆ ಇರುವುದು ಅಲ್ಲಿ. ಇಪ್ಪತ್ತನೇ ಅಧ್ಯಾಯದಲ್ಲಿ, ಮದುವೆಯಾಗಿ ಆರು ವಾರಕ್ಕೆ, ರೋಮ್‌ನ ಕೋಣೆಯೊಂದರಲ್ಲಿ ಡೊರೊಥಿಯಾ ಒಬ್ಬಳೇ ಅಳುತ್ತಿದ್ದಾಳೆ. ಗಂಡ ಹೊಡೆದಿಲ್ಲ, ಬೈದಿಲ್ಲ. ಸಾಲುಸಾಲು ನೋಟುಪುಸ್ತಕಗಳಿವೆಯಲ್ಲ, ಬರೆಯುವುದು ಯಾವಾಗ ಎಂದು ಅವಳು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾಳೆ. ಅದು ಅವನು ತನ್ನಷ್ಟಕ್ಕೆ ಹೆದರಿ ಮುಚ್ಚಿಟ್ಟ ಜಾಗಕ್ಕೇ ನಾಟುತ್ತದೆ. ಮರು ಅಧ್ಯಾಯದಲ್ಲಿ ಲ್ಯಾಡಿಸ್ಲಾ ಬಂದು ಇನ್ನೊಂದು ಸುದ್ದಿ ಕೊಡುತ್ತಾನೆ: ಈ ವಿಷಯದಲ್ಲಿ ಜರ್ಮನರು ಆಗಲೇ ರಸ್ತೆ ಹಾಕಿಬಿಟ್ಟಿದ್ದಾರೆ, ಕಸೊಬನ್‌ಗೆ ಜರ್ಮನ್ ಬರುವುದಿಲ್ಲ, ಪಾಪ ದಿಕ್ಸೂಚಿ ಹಿಡಿದು ಕಾಡಿನಲ್ಲಿ ತಡಕುತ್ತಿದ್ದಾರೆ.

ಇಲ್ಲಿಯವರೆಗೆ ಓದುಗರು ಪೂರ್ತಿ ಹೆಂಡತಿಯ ಕಡೆ. ಇಪ್ಪತ್ತೊಂಬತ್ತನೇ ಅಧ್ಯಾಯ ಶುರುವಾಗುವುದೂ ಡೊರೊಥಿಯಾಳಿಂದಲೇ, ಆದರೆ ಮೊದಲ ವಾಕ್ಯ ಅರ್ಧದಲ್ಲೇ ಮುರಿಯುತ್ತದೆ: ಯಾವಾಗಲೂ ಡೊರೊಥಿಯಾಳೇ ಯಾಕೆ? ಈ ಮದುವೆಯಲ್ಲಿ ಅವಳಿಗೊಬ್ಬಳಿಗೇ ಒಂದು ದೃಷ್ಟಿ ಇದೆಯೇ? ನಿರೂಪಕಿ ನಮ್ಮ ಕುರ್ಚಿಯನ್ನೇ ಎತ್ತಿ ಕಸೊಬನ್‌ನ ಪಕ್ಕಕ್ಕೆ ಇಡುತ್ತಾಳೆ. ಮದುವೆಯಾದರೆ ಸುಖ ಬರುತ್ತದೆಂದು ನಂಬಿದ್ದ, ಬರಲಿಲ್ಲವಲ್ಲ ಎಂದು ಒಳಗೇ ಗಾಬರಿಯಾದ, ವಿದ್ವತ್ತಿನಲ್ಲೂ ಸೋಲುತ್ತಿರುವ ಮನುಷ್ಯ ಅಲ್ಲಿ ಕುಳಿತಿದ್ದಾನೆ. ಈ ಪಲ್ಲಟ ಸಿಕ್ಕಿತೆಂದರೆ ಕಾದಂಬರಿ ಸಿಕ್ಕಿದಂತೆ.

ಅದರ ಫಲ ಕಾಣುವುದು ನಲವತ್ತೆರಡರಲ್ಲಿ. ಹೃದಯದ ಕಾಯಿಲೆ, ಯಾವಾಗ ಬೇಕಾದರೂ ಸಾವು ಬರಬಹುದು ಎಂದು ಲಿಡ್‌ಗೇಟ್ ಹೇಳಿಹೋಗಿದ್ದಾನೆ. ಡೊರೊಥಿಯಾ ತೋಟಕ್ಕೆ ಬಂದು ಗಂಡನ ತೋಳಿಗೆ ತೋಳು ಸೇರಿಸುತ್ತಾಳೆ. ಅವನು ಕೈಗಳನ್ನು ಬೆನ್ನ ಹಿಂದೆಯೇ ಕಟ್ಟಿಕೊಂಡಿರುತ್ತಾನೆ. ಅವಳಿಗೆ ಕೆಂಡದಂಥ ಸಿಟ್ಟು. ಸಂಜೆಯೆಲ್ಲ ಆ ಸಿಟ್ಟಿನ ಜೊತೆ ಗುದ್ದಾಡಿ, ರಾತ್ರಿ ಮೆಟ್ಟಿಲ ಮೇಲೆ ಕತ್ತಲಲ್ಲಿ ಕಾಯುತ್ತಾ ನಿಲ್ಲುತ್ತಾಳೆ. ಅವನು ದೀಪ ಹಿಡಿದು ಹತ್ತಿಬರುತ್ತಾನೆ, ನನಗಾಗಿ ಕಾಯುತ್ತಿದ್ದೆಯಾ ಎನ್ನುತ್ತಾನೆ. ಬಾ, ನೀನು ಚಿಕ್ಕವಳು, ನಿದ್ದೆಗೆಟ್ಟು ಆಯುಸ್ಸು ಹೆಚ್ಚಿಸಿಕೊಳ್ಳುವ ಅಗತ್ಯ ನಿನಗಿಲ್ಲ. ಇಬ್ಬರೂ ಕೈಹಿಡಿದು ನಡೆಯುತ್ತಾರೆ, ಅಷ್ಟೇ. ಇದಾದ ಮೇಲೂ ಕಸೊಬನ್ ಒಳ್ಳೆಯವನಾಗುವುದಿಲ್ಲ: ಲ್ಯಾಡಿಸ್ಲಾನನ್ನು ಮದುವೆಯಾದರೆ ತನ್ನ ಆಸ್ತಿ ಅವಳಿಗಿಲ್ಲ ಎಂದು ಉಯಿಲಿಗೆ ಬಾಲ ಸೇರಿಸಿಯೇ ಸಾಯುತ್ತಾನೆ.

ಲಿಡ್‌ಗೇಟ್-ರೋಸಮಂಡ್ ಭಾಗಕ್ಕೆ ಬೇರೆ ತಯಾರಿ ಬೇಕು: ದುಡ್ಡಿನ ಲೆಕ್ಕ ಇಡಿ. ಡೊರೊಥಿಯಾಗೆ ವರ್ಷಕ್ಕೆ ಸ್ವಂತ 700 ಪೌಂಡ್, ಕಸೊಬನ್ ಬಿಟ್ಟುಹೋದ ಆಸ್ತಿಯಿಂದ 1,900. ಲಿಡ್‌ಗೇಟ್ ಕೊನೆಗೆ ಬುಲ್‌ಸ್ಟ್ರೋಡನಿಂದ ಪಡೆದು ಹೆಸರು ಕೆಡಿಸಿಕೊಳ್ಳುವ ಸಾಲ 1,000. ಎಡಿನ್‌ಬರೊ, ಪ್ಯಾರಿಸ್‌ನಲ್ಲಿ ಓದಿ ಬಂದ ಇಪ್ಪತ್ತೇಳರ ವೈದ್ಯ, ದೇಹದ ಮೂಲ ಅಂಗಾಂಶ ಕಂಡುಹಿಡಿಯುವ ಕನಸು. ತಾನೇ ಔಷಧಿ ಮಾರುವುದಿಲ್ಲ, ಚೀಟಿ ಮಾತ್ರ ಬರೆಯುತ್ತೇನೆ ಎನ್ನುತ್ತಾನೆ. ಆಗ ಊರ ವೈದ್ಯರ ಸಂಪಾದನೆ ಇದ್ದದ್ದೇ ಔಷಧಿಯಲ್ಲಿ. ಅವರಿಗೆ ಇವನ ಆದರ್ಶ ಅವಮಾನ, ರೋಗಿಗಳಿಗೆ ಅನುಮಾನ. ಆದಾಯ ಇಲ್ಲದ ಇಂಥವನು ಮದುವೆಗೆ ಸಿಕ್ಕಿಬೀಳುವುದು ಮೂವತ್ತೊಂದರಲ್ಲಿ. ರೋಸಮಂಡಳ ಕೈಯ ಹೆಣಿಗೆ ಜಾರುತ್ತದೆ, ಎತ್ತಿಕೊಡಲು ಬಗ್ಗಿದವನು ತಲೆ ಎತ್ತಿದಾಗ ಅವಳ ಕಣ್ಣಲ್ಲಿ ನೀರು. ಅರ್ಧ ಗಂಟೆಯಲ್ಲಿ ನಿಶ್ಚಿತಾರ್ಥ ಆದವನಾಗಿ ಹೊರಬರುತ್ತಾನೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತಾರಲ್ಲ, ಇವನು ಎರಡನ್ನೂ ಸಾಲದಲ್ಲಿ ಮಾಡುತ್ತಾನೆ.

ಐವತ್ತೆಂಟನೇ ಅಧ್ಯಾಯವನ್ನು ಗಟ್ಟಿಯಾಗಿ ಓದಿ. ಮನೆ ಸಾಮಾನು ಅಡವಿಡಬೇಕಾಗಿದೆ, ನೀನು ಸಹಾಯ ಮಾಡಬೇಕು ಎಂದು ಅವನು ಮೆತ್ತಗೆ ಹೇಳುತ್ತಾನೆ. ರೋಸಮಂಡಳ ಉತ್ತರ: 'ನಾನೇನು ಮಾಡಲಿ, ಟೆರ್ಶಿಯಸ್?' (ಅದು ಲಿಡ್‌ಗೇಟ್‌ನ ಮೊದಲ ಹೆಸರು.) ನಿರೂಪಕಿ ಅಲ್ಲೇ ನಿಂತು, ಆ ಪುಟ್ಟ ಮಾತನ್ನು ಎಷ್ಟು ಬಗೆಯ ಸ್ವರದಲ್ಲಿ ಆಡಬಹುದು ಎಂದು ವಿವರಿಸುತ್ತಾಳೆ, ಎಲ್ಲ ಭಾಷೆಗೂ ಇದು ನಿಜ ಎನ್ನುತ್ತಾಳೆ. ನಮ್ಮ 'ನಾನೇನ್ ಮಾಡ್ಲಿ' ಕೂಡ ಹಾಗೇ ಅಲ್ಲವೇ? ಮರುಕ, ಅಸಹಾಯಕತೆ, ಜಗಳ ಮೂರಕ್ಕೂ ಒದಗುತ್ತದೆ. ರೋಸಮಂಡ್ ಅದನ್ನು ಯಾವುದೂ ಇಲ್ಲದಂತೆ ಆಡುತ್ತಾಳೆ. ಆಮೇಲೆ ಮನೆ ಬಾಡಿಗೆಗೆ ಕೊಡುವ ಏರ್ಪಾಡನ್ನು ಗಂಡನಿಗೆ ತಿಳಿಸದೆ ನಿಲ್ಲಿಸುತ್ತಾಳೆ, ಅವನ ಶ್ರೀಮಂತ ಬಂಧುವಿಗೆ ಗುಟ್ಟಾಗಿ ದುಡ್ಡು ಕೇಳಿ ಪತ್ರ ಬರೆಯುತ್ತಾಳೆ. ಓದುಗರು ಅವಳನ್ನು ದ್ವೇಷಿಸುವುದು ಇಲ್ಲಿ. ಸ್ವಲ್ಪ ತಡೆಯಿರಿ. ಗಾಡಿ ಹತ್ತಿ ಇಳಿಯುವ ಭಂಗಿಯನ್ನೂ ಕಲಿಸುವ ಶಾಲೆಯಲ್ಲಿ ಎಲ್ಲರಿಗೂ ಮಾದರಿ ಎನ್ನಿಸಿಕೊಂಡವಳು ಅವಳು, ಲಿಡ್‌ಗೇಟ್ ಮೆಚ್ಚಿದ್ದೂ ಆ ಒಪ್ಪವನ್ನೇ. ಪಾತ್ರೆ ಸೆಟ್ಟು ದುಬಾರಿಯದು ಕೊಂಡವನು ಅವನು.

ಗಾರ್ತ್ ಮನೆಯ ಕಥೆ ಸರಳ, ಅಲ್ಲಿ ನನ್ನ ಸಹಾಯ ಬೇಕಿಲ್ಲ. ಫ್ರೆಡ್‌ನ 160 ಪೌಂಡ್ ಸಾಲಕ್ಕೆ ಕೇಲಬ್ ಜಾಮೀನು ಸಹಿ ಹಾಕಿರುತ್ತಾನೆ, ಫ್ರೆಡ್ ಪೂರ್ತಿ ತೀರಿಸಲಾರ. ಕೇಲಬ್‌ನ ಮಗನನ್ನು ಕೆಲಸ ಕಲಿಯಲು ಸೇರಿಸಲು ತಾಯಿ ಕೂಡಿಟ್ಟ 92, ಮಗಳು ಮೇರಿಯ ಉಳಿತಾಯದಿಂದ 18 ಹೋಗುತ್ತದೆ. ಇಷ್ಟು ಸಣ್ಣ ಮೊತ್ತ ಇಷ್ಟು ನೋಯಿಸುವ ಪುಟಗಳು ಕಡಿಮೆ.

ಹಿನ್ನೆಲೆ ಅಂತ ಬೇಕಾದದ್ದು ಸ್ವಲ್ಪವೇ. ಕಥೆ ನಡೆಯುವುದು 1829ರಿಂದ 1832ರವರೆಗೆ, ಮತದಾನ ಸುಧಾರಣೆಯ ಕಾಯ್ದೆ ಬರುವ ಮುಂಚೆ. ಆಗ ಬೇರೆ ಒಪ್ಪಂದ ಇಲ್ಲದಿದ್ದರೆ ಹೆಂಡತಿಯ ದುಡ್ಡು ಗಂಡನದು. ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲೇ ಕಾಯ್ದೆ ಮಾಡಿಸಬೇಕಿತ್ತು. ಇವರು ಬಿಟ್ಟುಹೋಗಬಹುದಿತ್ತಲ್ಲ ಎಂಬ ಪ್ರಶ್ನೆಗೆ ಅದೇ ಉತ್ತರ. ರಾಜಕೀಯದ ಅಧ್ಯಾಯಗಳು ಕಷ್ಟವಾದರೆ ಓಡಿಸಿಕೊಂಡು ಓದಿ, ಡೊರೊಥಿಯಾಳ ತಂದೆಯ ಸೋದರ ಬ್ರೂಕ್ ಭಾಷಣ ಮಾಡಿ ಮಂಗನಾಗುವ ಐವತ್ತೊಂದನ್ನು ಮಾತ್ರ ಬಿಡಬೇಡಿ. ಅಧ್ಯಾಯದ ತಲೆಯ ಉದ್ಧರಣೆಗಳನ್ನು ಮೊದಲ ಓದಿಗೆ ಬಿಡಬಹುದು. ಹೆಸರಿಲ್ಲದವು ಎಷ್ಟೋ ಎಲಿಯಟ್ ತಾವೇ ಬರೆದವು.

ವೇಗದ ಬಗ್ಗೆ: ಇದು 1871ರ ಡಿಸೆಂಬರಿನಿಂದ 1872ರ ಡಿಸೆಂಬರಿನವರೆಗೆ ಎಂಟು ಭಾಗಗಳಾಗಿ ಬಂತು, ಮೊದಲು ಎರಡು ತಿಂಗಳಿಗೊಂದು, ಕೊನೆಗೆ ತಿಂಗಳಿಗೊಂದು. ಒಟ್ಟು 86 ಅಧ್ಯಾಯ. ದಿನಕ್ಕೆ ಎರಡು ಓದಿದರೆ ಆರು ವಾರ. ಭಾಗ ಮುಗಿದಾಗ ಎರಡು ದಿನ ಬಿಡುವು ಕೊಡಿ. ಒಂದೇ ವಾರದಲ್ಲಿ ಮುಗಿಸಹೊರಟವರು ಐದನೇ ಭಾಗಕ್ಕೆ ಸೋಲುತ್ತಾರೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ ಪಠ್ಯವಿದೆ, ಆದರೆ ಮೊದಲ ಓದಿಗೆ ಟಿಪ್ಪಣಿ ಇರುವ ಪೆಂಗ್ವಿನ್ ಅಥವಾ ಆಕ್ಸ್‌ಫರ್ಡ್ ಪ್ರತಿ ವಾಸಿ. 1994ರ ಬಿಬಿಸಿ ಧಾರಾವಾಹಿ ಚೆನ್ನಾಗಿದೆ, ಆದರೆ ನಿರೂಪಕಿಯ ದನಿ ಅದರಲ್ಲಿ ಹೆಚ್ಚುಪಾಲು ಕಳೆದುಹೋಗಿದೆ. ನಾಲ್ಕನೇ ಭಾಗ ದಾಟಿದ ಮೇಲೆ ನೋಡಿ, ಮುಖಗಳು ನೆನಪಿನಲ್ಲಿ ನಿಲ್ಲಲು.

ದೋಷವೇ ಇಲ್ಲವೆಂದಲ್ಲ. ಲ್ಯಾಡಿಸ್ಲಾ ಪೇಲವ, ಹೆನ್ರಿ ಜೇಮ್ಸ್ 1873ರಲ್ಲೇ ಈ ಆಕ್ಷೇಪ ಎತ್ತಿದ್ದರು, ನನಗೂ ಒಪ್ಪಿಗೆ. ಅವನ ಪುಟಗಳಲ್ಲಿ ಬೇಸರವಾದರೆ ನಿಮ್ಮ ತಪ್ಪಲ್ಲ.

ಎಪ್ಪತ್ನಾಲ್ಕನೇ ಅಧ್ಯಾಯವನ್ನು ಮಾತ್ರ ಬಸ್ಸಿನಲ್ಲಿ ಓದಬೇಡಿ. ಬುಲ್‌ಸ್ಟ್ರೋಡನ ಹಳೆಯ ಪಾಪ ಊರಿಗೆಲ್ಲ ಗೊತ್ತಾಗಿದೆ, ಕೊನೆಗೆ ಗೊತ್ತಾಗುವುದು ಹೆಂಡತಿಗೆ. ಒಡವೆ, ಬಟ್ಟೆ ಎಂದರೆ ಇಷ್ಟಪಡುವ, ಅಲ್ಲಿಯವರೆಗೆ ನಾವು ಅಷ್ಟೇನೂ ಲೆಕ್ಕಕ್ಕೆ ಹಿಡಿಯದ ಸೋದರತ್ತೆ ಹ್ಯಾರಿಯೆಟ್ ಕೋಣೆಯ ಬಾಗಿಲು ಹಾಕಿಕೊಂಡು ಅತ್ತು, ಆಭರಣಗಳನ್ನೆಲ್ಲ ತೆಗೆದಿಟ್ಟು, ಸಾದಾ ಕಪ್ಪು ಗೌನು ತೊಟ್ಟು, ಕೂದಲನ್ನು ಒತ್ತಿ ಬಾಚಿ ಸರಳ ಟೋಪಿ ಹಾಕಿಕೊಂಡು ರಾತ್ರಿ ಎಂಟಕ್ಕೆ ಕೆಳಗಿಳಿಯುತ್ತಾಳೆ. ಗಂಡ ತಲೆ ತಗ್ಗಿಸಿ ಕುಳಿತಿದ್ದಾನೆ, ಕುಗ್ಗಿಹೋದಂತೆ ಕಾಣುತ್ತಾನೆ. ಒಂದು ಕೈ ಅವನ ಕೈ ಮೇಲೆ, ಇನ್ನೊಂದು ಭುಜದ ಮೇಲೆ ಇಟ್ಟು, ತಲೆ ಎತ್ತಿ ನೋಡು ನಿಕೊಲಸ್ ಎನ್ನುತ್ತಾಳೆ. ಇಬ್ಬರೂ ಅಳುತ್ತಾರೆ. ಇದರಲ್ಲಿ ಎಷ್ಟು ಸುಳ್ಳು ಎಂದು ಕೇಳಲು ಅವಳಿಗಾಗುವುದಿಲ್ಲ, ನಾನು ನಿರಪರಾಧಿ ಎಂದು ಅವನು ಹೇಳುವುದಿಲ್ಲ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.