ಎಡಗಡೆ ಕೀ ಇರುವ ಚೌಕ ವಾಚು

ಪ್ರಶ್ನೆ: ನನ್ನ ಬಳಿ ಟ್ಯಾಗ್ ಹೊಯರ್ ಮೊನಾಕೊ ಇದೆ. 39 ಮಿ.ಮೀ. ಚೌಕ ಕೇಸು, ನೀಲಿ ಡಯಲ್, ಈಗಿನ ‘ಕ್ಯಾಲಿಬರ್ 11’ ಯಂತ್ರ. ಎಷ್ಟು ನೋಡಿದರೂ ತಣಿಯದು. ಕೀ ಎಡಗಡೆ ಇರುವುದು ಎಡಗೈಯವರಿಗಾಗಿಯೇ? ಸ್ಟಾಪ್‌ವಾಚ್ ಮುಳ್ಳು ಸದಾ ಓಡುತ್ತಿದ್ದರೆ ತೊಂದರೆಯೇ?
– ಓದುಗರು, ಮೈಸೂರು

ಉತ್ತರ: ಎಡಗೈಯವರಿಗಾಗಿ ಅಲ್ಲ, ಅದು ಯಂತ್ರದ ರಚನೆಯಿಂದಲೇ ಬಂದದ್ದು. ತಾನಾಗಿ ಕೀ ಕೊಟ್ಟುಕೊಳ್ಳುವ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ಕೈಗಡಿಯಾರ) ಮಾಡಲು ಹೊಯರ್, ಬ್ರೈಟ್ಲಿಂಗ್, ಹ್ಯಾಮಿಲ್ಟನ್-ಬ್ಯೂರೆನ್ ಮತ್ತು ಡುಬೋಯಿ-ಡೆಪ್ರಾ ಕಂಪನಿಗಳು ಕೈಜೋಡಿಸಿದ್ದವು. ಮಾಮೂಲಿ ದೊಡ್ಡ ರೋಟರ್ (ಕೈಯಾಡಿದಂತೆ ತಿರುಗಿ ಸ್ಪ್ರಿಂಗ್ ಬಿಗಿಯುವ ತೂಕ) ಇಟ್ಟರೆ ಕ್ರೋನೋಗ್ರಾಫಿಗೆ ಜಾಗವೇ ಉಳಿಯದು. ಅದಕ್ಕೇ ಯಂತ್ರದೊಳಗೇ ಹುದುಗಿದ ಬ್ಯೂರೆನ್‌ನ ಪುಟ್ಟ ರೋಟರ್ ಆರಿಸಿ, ಕ್ರೋನೋಗ್ರಾಫ್ ಮಾಡ್ಯೂಲನ್ನು (ಸ್ಟಾಪ್‌ವಾಚ್ ಭಾಗಗಳ ಪದರವನ್ನು) ಬೇರೆಯಾಗಿ ಕೂರಿಸಿದರು. ಗುಂಡಿಗಳು ಬಲಕ್ಕೆ, ಕೀ ಎಡಕ್ಕೆ ಬಂದವು. 1969ರ ಮಾರ್ಚ್‌ನಲ್ಲಿ ಆ ಮೊದಲ ‘ಕ್ಯಾಲಿಬರ್ 11’ ಯಂತ್ರವನ್ನು ಘೋಷಿಸಿದರು. ದಿನಾ ಕೀ ಕೊಡುವ ಕೆಲಸವೇ ಇಲ್ಲದ ಮೇಲೆ ಕೀ ಎಲ್ಲಿದ್ದರೇನು!

ನಿಮ್ಮದರ ಯಂತ್ರ ಬೇರೆ, ಕೀ ಮಾತ್ರ ಹಳೆಯದರಂತೆ ಎಡಕ್ಕೇ ಇದೆ. ಅದರಲ್ಲಿ ಸೆಲ್ಲಿಟಾ ಕಂಪನಿಯ ಎಸ್‌ಡಬ್ಲ್ಯೂ 300 ಯಂತ್ರದ ಮೇಲೆ, ಡಯಲ್ ಬದಿಗೆ, ಡುಬೋಯಿ-ಡೆಪ್ರಾ ಮಾಡ್ಯೂಲಿದೆ. ತಾರೀಖಿನ ಕಿಂಡಿಯನ್ನು ಲೆನ್ಸ್ ಹಿಡಿದು ನೋಡಿ: ಅಂಕಿ ಬಾವಿಯ ತಳದಲ್ಲಿದ್ದಂತೆ ಆಳದಲ್ಲಿ ಕಾಣುತ್ತದೆ. ತಾರೀಖಿನ ಚಕ್ರ ಕೆಳಗಿನ ಯಂತ್ರದ್ದು, ನಡುವೆ ಇಡೀ ಮಾಡ್ಯೂಲಿನ ದಪ್ಪವಿದೆ. ಗಂಟೆಯ ಗುರುತುಗಳನ್ನೂ ಗಮನಿಸಿ. ಉಳಿದ ವಾಚುಗಳಂತೆ ನಡುವಿನತ್ತ ತಿರುಗಿಲ್ಲ, ಎಲ್ಲವೂ ಅಡ್ಡಡ್ಡ ಮಲಗಿವೆ. ನಮ್ಮ ಮಟ್ಟಿಗೆ ಈ ವಾಚಿನ ಚೆಲುವು ಅಲ್ಲೇ ಇದೆ.

ಸ್ಟಾಪ್‌ವಾಚ್ ಸದಾ ಓಡಿಸಬೇಡಿ. ಹೆಚ್ಚುವರಿ ಚಕ್ರಗಳನ್ನು ತಿರುಗಿಸುವ ಬಲ ಅದೇ ಸ್ಪ್ರಿಂಗಿನಿಂದ ಬರಬೇಕು. ಅತ್ತಿತ್ತ ತೂಗಿ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ತೂಗು ತಗ್ಗಿ ಸಮಯ ಏರುಪೇರಾಗಬಹುದು, ಸವೆತವೂ ಹೆಚ್ಚು. ವಾಚು ನಡೆಯುತ್ತಿದೆಯೇ ಎಂದು ತಿಳಿಯಲು 3ರ ಬಳಿಯ ಸಣ್ಣ ಸೆಕೆಂಡ್ ಮುಳ್ಳು ಸಾಕು. (1969ರ ಮೊನಾಕೊದಲ್ಲಿ ಆ ಮುಳ್ಳು ಇಲ್ಲ, ಸ್ಟಾಪ್‌ವಾಚ್ ಓಡಿಸಿಯೇ ನೋಡಬೇಕು.) ಮೇಲಿನ ಗುಂಡಿಯಿಂದ ನಿಲ್ಲಿಸಿದ ಮೇಲಷ್ಟೇ ಕೆಳಗಿನದನ್ನು ಒತ್ತಿ ಸೊನ್ನೆಗೆ ತನ್ನಿ. ರಾತ್ರಿ 9ರಿಂದ 3ರವರೆಗೆ ಕೀಯಿಂದ ತಾರೀಖು ಬದಲಿಸಬೇಡಿ, ಆಗ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ನೀರು ತಡೆಯುವ ಮಟ್ಟ 100 ಮೀ. ಎಂದು ಬರೆದಿದ್ದರೂ ನೀರಿನಲ್ಲಿ ಗುಂಡಿ ಒತ್ತಬಾರದು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಪ್ರೆಷರ್ ಟೆಸ್ಟ್ (ನೀರು ಒಳಹೋಗದೆಂಬ ಪರೀಕ್ಷೆ) ಮಾಡಿಸಿ. ರಿಪೇರಿಗೆ ಕೊಡುವಾಗ ಮಾಡ್ಯೂಲನ್ನೇ ಬಿಚ್ಚಿ ಸರಿಪಡಿಸುತ್ತಾರೋ, ಇಡಿಯಾಗಿ ಬದಲಿಸುತ್ತಾರೋ ಎಂದು ಮೊದಲೇ ಕೇಳಿ. ಖರ್ಚಿನ ಅಂತರ ದೊಡ್ಡದು.